ಮದ್ದಗಿರಿಯ ಸೆರೆಯಾಳು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿಬಂದವರು ಕೋಟೆಯ ಬಾಗಿಲುಗಳನ್ನು ಹೊಗಳುತ್ತಾರೆ; ಅಲ್ಲಿ ಸೆರೆಯಿದ್ದ ರಾಣಿಯನ್ನು ನೆನೆಯುವವರು ವಿರಳ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನಾಯಕನನ್ನೂ ಇಲ್ಲಿಗೆ ಕಳುಹಿಸಿದನು. ಬಿದನೂರಿನ ಮಲೆಯೆಲ್ಲಿ, ಈ ಬರಿಬಂಡೆಯೆಲ್ಲಿ! 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಪುಣೆಯ ದಾರಿಯಲ್ಲಿ ರಾಣಿ ತೀರಿಕೊಂಡಳು.

ಬಿಡುಗಡೆಯಾದ ಮೇಲೆ ಬಂದ ಸಾವೆಂದು ಇದನ್ನು ಹೈದರನ ಲೆಕ್ಕದಿಂದ ಕಳೆಯಬಹುದೆ? ನಾನಂತೂ ಒಪ್ಪಲಾರೆ, ನಾಲ್ಕು ವರ್ಷದ ಸೆರೆಯನ್ನು ದೇಹ ಬಾಗಿಲಲ್ಲೇ ಬಿಟ್ಟುಬರುವುದಿಲ್ಲ. 1810ರಲ್ಲಿ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಸಾಹೇಬರಿಗೆ ಸೆರೆವಾಸಕ್ಕಿಂತ ಆಕೆಯ ನಡತೆಯ ಮೇಲಿನ ಅಪವಾದವೇ ರುಚಿಸಿತು. ಹೆಣ್ಣು ಸೋತರೆ ಬಖೈರುಗಾರರಿಗೂ ಸಾಹೇಬರಿಗೂ ಇದೊಂದೇ ಚಾಳಿ. ಅಂದಹಾಗೆ, ಹಳೆಯ ಕಾಗದಪತ್ರಗಳಲ್ಲಿ ಊರಿನ ಹೆಸರು ಮದ್ದಗಿರಿ. ಹುಡುಕುವವರು ಆ ಹೆಸರಿನಲ್ಲೇ ಹುಡುಕಬೇಕು.