ಕಾರಹುಣ್ಣಿಮೆ ಮತ್ತು ಮಣ್ಣೆತ್ತಿನ ಅಮಾವಾಸ್ಯೆ

ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಹುಣ್ಣಿಮೆಗೆ ಕಾರಹುಣ್ಣಿಮೆ ಎಂದು ಹೆಸರು. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೈತ ಕುಟುಂಬಗಳಿಗೆ ಮುಂಗಾರಿನ ಹಬ್ಬಗಳು ಆರಂಭವಾಗುವುದು ಇಲ್ಲಿಂದಲೇ.

ಕಾರಹುಣ್ಣಿಮೆಯಂದು ಎತ್ತುಗಳಿಗೆ ನೊಗದಿಂದ ಬಿಡುವು. ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಗೆಜ್ಜೆ, ಗೊಂಡೆ, ಜೂಲು ತೊಡಿಸಿ ಪೂಜಿಸಲಾಗುತ್ತದೆ. ಹೋಳಿಗೆಯ ಎಡೆ ಮೊದಲು ಎತ್ತಿಗೆ, ನಂತರ ಮನೆಮಂದಿಗೆ. ಸಂಜೆ ಹಲವು ಊರುಗಳ ಅಗಸೆಯಲ್ಲಿ ಕರಿ ಹರಿಯುವ ಸಂಭ್ರಮ. ಅಡ್ಡಲಾಗಿ ಕಟ್ಟಿದ ಬೇವಿನ ಸೊಪ್ಪಿನ ಹಗ್ಗವನ್ನು ಎತ್ತುಗಳು ಓಡಿ ಬಂದು ಹರಿಯುತ್ತವೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಸಮೃದ್ಧ ಎಂಬುದು ನಂಬಿಕೆ. ಮಳೆರಾಯ ಈ ತೀರ್ಪಿಗೆ ಎಂದೂ ಕಟ್ಟುಬಿದ್ದವನಲ್ಲ ಎಂಬುದು ಬೇರೆ ಮಾತು.

ಅಮಾವಾಸ್ಯೆಗೆ ಕುಂಬಾರರು ಹಸಿಮಣ್ಣಿನ ಜೋಡೆತ್ತು ಹಾಗೂ ಗ್ವಾದಲಿಗಳನ್ನು ಪೇಟೆಗೆ ತರುತ್ತಾರೆ. ಕೆರೆಯ ಮಣ್ಣು ತಂದು ಮನೆಯಲ್ಲಿಯೇ ಮಾಡುವವರೂ ಉಂಟು. ಮರುದಿನ ಹುಡುಗರ ಸರದಿ. ಗೆಳೆಯರೆಲ್ಲ ಕೂಡಿ ಕಾಲು ಮುರಿದ ‘ಕುಂಟೆತ್ತು’ ಹಿಡಿದು ಮನೆಮನೆಗೆ ತೆರಳಿ ಜೋಳ, ಹಿಟ್ಟು, ಕಾಸು ಬೇಡುತ್ತಾರೆ. ಕೂಡಿದ್ದನ್ನು ಊರ ಹೊರಗೆ ಅಡಿಗೆ ಮಾಡಿ ಹಂಚಿಕೊಂಡು ಉಣ್ಣುತ್ತಾರೆ.

ಮೇವಿನ ಬೆಲೆ, ಆಳಿನ ಕೊರತೆ, ಟ್ರ್ಯಾಕ್ಟರ್ ಬಳಕೆಯಿಂದಾಗಿ ಎತ್ತು ಸಾಕುವವರು ವಿರಳರಾಗುತ್ತಿದ್ದಾರೆ. 2012ರಲ್ಲಿ ದೇಶದಲ್ಲಿ ಸುಮಾರು 6.8 ಕೋಟಿ ಇದ್ದ ಗಂಡು ದನಗಳು 2019ರ 20ನೇ ಜಾನುವಾರು ಗಣತಿಯಲ್ಲಿ 4.7 ಕೋಟಿಗೆ ಇಳಿದಿದ್ದವು. ಕೊಟ್ಟಿಗೆ ಬರಿದಾದ ಮನೆಗಳಲ್ಲಿ ಕಾರಹುಣ್ಣಿಮೆ ಹೋಳಿಗೆ ಊಟಕ್ಕಷ್ಟೇ ಉಳಿದಿದೆ. ಅಮಾವಾಸ್ಯೆಯ ಮಣ್ಣಿನ ಜೋಡಿ ಮಾತ್ರ ತಪ್ಪದೆ ಜಗಲಿಯೇರುತ್ತದೆ.