ಜೈನ ದಂಪತಿಗಳ ವಿಚ್ಛೇದನ: ಕಡಿಮೆ ವರಮಾನದ ಸಂಗಾತಿಯ ಜೀವನಾಂಶ, ಸ್ತ್ರೀಧನ ಮತ್ತು ಆಸ್ತಿ

ದಂಪತಿಗಳಲ್ಲಿ ಒಬ್ಬರು ವ್ಯಾಪಾರ ಅಥವಾ ಉದ್ಯೋಗದಿಂದ ಹೆಚ್ಚು ಗಳಿಸುತ್ತಿದ್ದು, ಇನ್ನೊಬ್ಬರು ಮನೆ, ಮಕ್ಕಳು, ಹಿರಿಯರ ಆರೈಕೆಯಲ್ಲೇ ವರ್ಷಗಳನ್ನು ಕಳೆದಿದ್ದರೆ, ವಿಚ್ಛೇದನದ ವೇಳೆ ಇಬ್ಬರ ಆರ್ಥಿಕ ಬಲ ಸಮನಾಗಿರುವುದಿಲ್ಲ. ಈ ಅಂತರವನ್ನು ಕಾನೂನು ಹೇಗೆ ನೋಡುತ್ತದೆ ಎಂಬುದನ್ನು ಎರಡೂ ಕುಟುಂಬಗಳು ಮೊದಲೇ ತಿಳಿದಿದ್ದರೆ ವ್ಯಾಜ್ಯ ಬೆಳೆಯುವುದನ್ನು ತಡೆಯಬಹುದು.

ಅನ್ವಯವಾಗುವ ಕಾನೂನು

1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಂ ಜೈನರನ್ನು ಹೆಸರಿಸಿಯೇ ಒಳಗೊಂಡಿದೆ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ ಎಂಬ ಕಾರಣ ನೀಡಿ, ಇಂದೋರಿನ ಕೌಟುಂಬಿಕ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಜೈನ ದಂಪತಿಯ ವಿಚ್ಛೇದನ ಅರ್ಜಿಯನ್ನು ತಿರಸ್ಕರಿಸಿತ್ತು. ಮಾರ್ಚ್‌ನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅಲ್ಪಸಂಖ್ಯಾತ ಸ್ಥಾನದಿಂದ ವಿವಾಹ ಕಾನೂನು ಬದಲಾಗುವುದಿಲ್ಲ.

ಒಂದು ವರ್ಷ ಬೇರೆಯಾಗಿದ್ದ ದಂಪತಿ 13ಬಿ ಕಲಂ ಅಡಿ ಪರಸ್ಪರ ಸಮ್ಮತಿಯಿಂದ ವಿಚ್ಛೇದನ ಕೋರಬಹುದು. ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಸಮಾಜದ ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಬರೆದುಕೊಂಡ ಒಪ್ಪಂದವಷ್ಟೇ ಸಾಮಾನ್ಯವಾಗಿ ವಿಚ್ಛೇದನವಾಗುವುದಿಲ್ಲ. ನ್ಯಾಯಾಲಯದ ಡಿಕ್ರಿ ಬೇಕು.

ಜೀವನಾಂಶ

ಪ್ರಕರಣ ನಡೆಯುತ್ತಿರುವಾಗ 24ನೇ ಕಲಂ, ಅಂತಿಮ ಹಂತದಲ್ಲಿ 25ನೇ ಕಲಂ ಅಡಿ ಜೀವನಾಂಶ ಕೇಳಬಹುದು. ಎರಡರಲ್ಲೂ ಪತ್ನಿಯಷ್ಟೇ ಅಲ್ಲ, ಕಡಿಮೆ ವರಮಾನದ ಪತಿಯೂ ಅರ್ಜಿ ಸಲ್ಲಿಸಬಹುದು.

ಇಷ್ಟೇ ಪಾಲು ಕೊಡಬೇಕೆಂಬ ಸಿದ್ಧ ಲೆಕ್ಕವಿಲ್ಲ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು, ಜೀವನಾಂಶ ಅರ್ಜಿಯ ದಿನಾಂಕದಿಂದಲೇ ಸಲ್ಲಬೇಕು ಎಂದು ನಿರ್ದೇಶಿಸಿತು. ಕುಟುಂಬಕ್ಕಾಗಿ ಬಿಟ್ಟ ಉದ್ಯೋಗ, ವಿವಾಹದ ಅವಧಿ, ಮಕ್ಕಳ ಹೊಣೆ ಇವೆಲ್ಲ ಪರಿಗಣನೆಗೆ ಬರುತ್ತವೆ. ಕೊಡುವವರ ನೈಜ ವರಮಾನ, ಅವರನ್ನು ಅವಲಂಬಿಸಿದ ತಂದೆತಾಯಿಗಳ ಖರ್ಚನ್ನೂ ನೋಡಲಾಗುತ್ತದೆ.

ಸ್ತ್ರೀಧನ ಮತ್ತು ಆಸ್ತಿ

ಮದುವೆಗೆ ಮುನ್ನ, ಮದುವೆಯಲ್ಲಿ ಹಾಗೂ ನಂತರ ಪತ್ನಿಗೆ ಉಡುಗೊರೆಯಾಗಿ ಬಂದ ಒಡವೆ, ಹಣ, ವಸ್ತುಗಳು ಸ್ತ್ರೀಧನ. ಅದು ಅತ್ತೆಮನೆಯ ತಿಜೋರಿಯಲ್ಲಿದ್ದರೂ ಅವಳದೇ. ಜೀವನಾಂಶದ ಬದಲಿಗೆ ಅದನ್ನು ಕೊಟ್ಟೆವೆಂದು ಲೆಕ್ಕ ತೋರಿಸುವಂತಿಲ್ಲ.

ವಿಚ್ಛೇದನದಲ್ಲಿ ಆಸ್ತಿ ತಾನಾಗಿ ಅರ್ಧಕ್ಕೆ ಹಂಚಿಕೆಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಅಂಥ ನಿಯಮ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಆದ್ದರಿಂದ ಮನೆ ಯಾರ ಹೆಸರಿನಲ್ಲಿದೆ, ಹಣ ಹೂಡಿದವರು ಯಾರು ಎಂಬ ದಾಖಲೆ ಮುಖ್ಯ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗ ಮತ್ತು ಮಗಳಿಗಿರುವ ಹಕ್ಕು ತಂದೆತಾಯಿಯ ವಿಚ್ಛೇದನದಿಂದ ಹೋಗುವುದಿಲ್ಲ.

ಸಹಿಗೆ ಮುನ್ನ

• ಜಂಟಿ ಗೃಹಸಾಲವಿದ್ದರೆ ಬ್ಯಾಂಕಿನ ಮಟ್ಟಿಗೆ ಇಬ್ಬರೂ ಸಾಲಗಾರರೇ. ಸಾಲ ತೀರಿಸಬೇಕು, ಇಲ್ಲವೇ ಬ್ಯಾಂಕಿನ ಒಪ್ಪಿಗೆಯಿಂದ ಹೆಸರು ತೆಗೆಸಬೇಕು.
• ಕುಟುಂಬದ ಪಾಲುದಾರಿಕೆ ಸಂಸ್ಥೆಯಲ್ಲಿ ಸಂಗಾತಿಯ ಹೆಸರು ಅಥವಾ ಜಾಮೀನು ಇದ್ದರೆ ಅದನ್ನು ಇತ್ಯರ್ಥಪಡಿಸಬೇಕು.
• ವಿಮೆ, ಭವಿಷ್ಯನಿಧಿ, ಬ್ಯಾಂಕ್ ಖಾತೆಗಳ ನಾಮನಿರ್ದೇಶನ ಮತ್ತು ಉಯಿಲನ್ನು ಪರಿಶೀಲಿಸಬೇಕು.
• ಕೊಟ್ಟ ಜೀವನಾಂಶಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ.
• ಮೊತ್ತ, ಕಂತು, ಮಕ್ಕಳ ಶಿಕ್ಷಣ ವೆಚ್ಚ, ಒಡವೆಗಳ ವಾಪಸಾತಿ ಎಲ್ಲವೂ ಒಪ್ಪಂದದಲ್ಲಿ ದಿನಾಂಕ ಸಹಿತ ಇರಬೇಕು.

ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಪಡೆಯಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ.

ಪರಿಗ್ರಹ ಪರಿಮಾಣ ವ್ರತ ಕೈಗೊಳ್ಳುವ ಶ್ರಾವಕರು ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಮಿತಿ ಹಾಕಿಕೊಳ್ಳುತ್ತಾರೆ. ಅದಕ್ಕೆ ತನ್ನಲ್ಲಿರುವುದನ್ನು ಮೊದಲು ಪ್ರಾಮಾಣಿಕವಾಗಿ ಎಣಿಸಬೇಕು. ನ್ಯಾಯಾಲಯದ ಪ್ರಮಾಣಪತ್ರವೂ ಕೇಳುವುದು ಅದನ್ನೇ. ವರಮಾನ ಮರೆಮಾಚಿದವರು ಸುಳ್ಳು ಪ್ರಮಾಣದ ಕ್ರಮ ಎದುರಿಸಬೇಕಾಗಬಹುದು; ಮುಚ್ಚಿಡದೆ ತಿಳಿಸಿದವರ ಇತ್ಯರ್ಥ ಬೇಗ ಆಗುತ್ತದೆ, ಮಕ್ಕಳ ಪಾಲಿಗೆ ಎರಡೂ ಮನೆಗಳ ಬಾಗಿಲು ತೆರೆದಿರುತ್ತದೆ.