ಕಣ್ಗಾವಲಿನ ಸಣ್ಣ ಚಾಲಕರಹಿತ ವಿಮಾನಗಳು

ಒಳಗೆ ಚಾಲಕನಿಲ್ಲದೆ, ನೆಲದಲ್ಲಿರುವವರ ನಿಯಂತ್ರಣದಲ್ಲೋ ತಮ್ಮೊಳಗಿನ ಗಣಕದ ನೆರವಿನಿಂದಲೋ ಹಾರಿ, ಕೆಳಗಿನ ದೃಶ್ಯಗಳನ್ನು ಸೆರೆಹಿಡಿದು ಕೊಡುವ ಹಗುರ ವಿಮಾನಗಳಿವು. ಜನಬಳಕೆಯಲ್ಲಿ ಇವೆಲ್ಲಕ್ಕೂ ಡ್ರೋನ್ ಎಂದೇ ಹೆಸರು. ಭಾರತದ 2021ರ ಡ್ರೋನ್ ನಿಯಮಗಳು ಹೊರೆಯೂ ಸೇರಿ 250 ಗ್ರಾಂ ಮೀರದವನ್ನು ನ್ಯಾನೊ, 2 ಕಿ.ಗ್ರಾಂವರೆಗಿನವನ್ನು ಮೈಕ್ರೊ, 25 ಕಿ.ಗ್ರಾಂವರೆಗಿನವನ್ನು ಸಣ್ಣ ಡ್ರೋನ್ ಎಂದು ವಿಂಗಡಿಸುತ್ತವೆ. ಇವುಗಳ ಪೂರ್ವಜರು ನೂರಾರು ಕಿ.ಗ್ರಾಂ ತೂಗುತ್ತಿದ್ದರೂ ಮನುಷ್ಯರು ಹಾರಿಸುವ ಬೇಹು ವಿಮಾನಗಳ ಎದುರು ಅವೂ ಸಣ್ಣವೇ ಆಗಿದ್ದವು. ಈ ವಿಮಾನಗಳ ಬೆಳವಣಿಗೆಯನ್ನು ರೆಕ್ಕೆ, ಎಂಜಿನ್, ಪ್ರೊಪೆಲರ್‌ಗಳ ಸುಧಾರಣೆಯ ಕಥೆಯಾಗಿ ಹೇಳುವುದು ವಾಡಿಕೆ. ದಾಖಲೆಗಳು ಬೇರೆಯದನ್ನೇ ಸೂಚಿಸುತ್ತವೆ. ಚಾಲಕನಿಲ್ಲದೆ ಹಾರುವುದು ಹೇಗೆಂಬುದು ಇಪ್ಪತ್ತನೆಯ ಶತಮಾನದ ನಡುವೆಯೇ ಬಹುಮಟ್ಟಿಗೆ ಗೊತ್ತಾಗಿತ್ತು. ಕಂಡದ್ದನ್ನು ಕಂಡ ಕ್ಷಣದಲ್ಲೇ ಕೆಳಗಿನವರಿಗೆ ಮುಟ್ಟಿಸುವುದು, ಕಂಡ ಜಾಗ ಯಾವುದೆಂದು ಖಚಿತವಾಗಿ ಹೇಳುವುದು, ಈ ಎರಡನ್ನೂ ಕೆಲವೇ ಗ್ರಾಂ ತೂಕದ ಉಪಕರಣಗಳಲ್ಲಿ ಸಾಧಿಸುವುದು ಮಾತ್ರ ಮತ್ತೆ ಅರ್ಧ ಶತಮಾನ ಹಿಡಿಯಿತು. ಸಣ್ಣ ಕಣ್ಗಾವಲು ವಿಮಾನದ ಇತಿಹಾಸ ಮೂಲತಃ ಮಾಹಿತಿ ರವಾನೆಯ ಇತಿಹಾಸ.

ಮೊದಲ ಸಾಕ್ಷ್ಯ ಗುರಿಯಭ್ಯಾಸದ ವಿಮಾನಗಳಿಂದ ಸಿಗುತ್ತದೆ. ಹಾಲಿವುಡ್‌ನಲ್ಲಿ ನಟನಾಗಿದ್ದ ಬ್ರಿಟಿಷ್ ಮೂಲದ ರೆಜಿನಾಲ್ಡ್ ಡೆನಿ ಕಟ್ಟಿದ ರೇಡಿಯೋಪ್ಲೇನ್ ಕಂಪನಿಯು ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನನಿರೋಧಕ ಫಿರಂಗಿ ದಳಗಳ ತರಬೇತಿಗೆಂದು ಸುಮಾರು 15,000 ರೇಡಿಯೋ ನಿಯಂತ್ರಿತ ವಿಮಾನಗಳನ್ನು ತಯಾರಿಸಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹಾರಿಸಿ, ಪ್ಯಾರಾಚೂಟಿನಲ್ಲಿ ಇಳಿಸಿಕೊಂಡ ಮೇಲೆ ಹಾರಾಟವನ್ನು ಬಗೆಹರಿಯದ ಒಗಟು ಎನ್ನುವಂತಿರಲಿಲ್ಲ. ಅದೇ ವಂಶದ ವಿಮಾನಕ್ಕೆ 1950ರ ದಶಕದಲ್ಲಿ ಕ್ಯಾಮೆರಾ ಜೋಡಿಸಿದಾಗ ಫಾಲ್ಕನರ್ ಎಂಬ ಬೇಹು ವಿಮಾನ ರೂಪುಗೊಂಡಿತು. ಅದು ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು ಹಾರಿ, ಫೋಟೊ ತೆಗೆದುಕೊಂಡು ಹಿಂತಿರುಗುತ್ತಿತ್ತು. ಫಿಲ್ಮನ್ನು ಹೊರತೆಗೆದು, ತೊಳೆದು, ಚಿತ್ರ ಮೂಡಿಸಿ ನೋಡುವಷ್ಟರಲ್ಲಿ ಶತ್ರುವಿನ ವಾಹನಗಳು ಜಾಗ ಬದಲಿಸಿರಬಹುದಿತ್ತು. 1969ರಲ್ಲಿ ಇಸ್ರೇಲಿನ ಸೇನಾ ಗುಪ್ತಚರ ವಿಭಾಗವು ಹವ್ಯಾಸಿಗಳು ಹಾರಿಸುವಂಥ ಮಾದರಿ ವಿಮಾನಗಳಿಗೆ 35 ಮಿ.ಮೀ. ಕ್ಯಾಮೆರಾ ಕಟ್ಟಿ ಸೂಯೆಜ್ ಕಾಲುವೆಯಾಚೆಗಿನ ಈಜಿಪ್ಟ್ ಸೇನೆಯ ನೆಲೆಗಳ ಚಿತ್ರ ತೆಗೆಸಿತು. ಚಿತ್ರಗಳು ಸ್ಪಷ್ಟವಾಗಿಯೇ ಬಂದವು. ಆಟಿಕೆಯಷ್ಟು ಅಗ್ಗದ ವಿಮಾನವೂ ಕ್ಯಾಮೆರಾ ಹೊರಬಲ್ಲದು ಎಂಬುದು ಅಂದೇ ಸಾಬೀತಾಯಿತು. ಆದರೂ ಸ್ಥಿರಚಿತ್ರ ಹೇಳುತ್ತಿದ್ದುದು ಕಳೆದುಹೋದ ಗಳಿಗೆಯ ಸುದ್ದಿಯನ್ನಷ್ಟೇ.

ಟೆಲಿವಿಷನ್ ಕ್ಯಾಮೆರಾ ಮತ್ತು ರೇಡಿಯೋ ಸಂಪರ್ಕ ಒಂದಾದಾಗ ಈ ಕೊರತೆ ನೀಗಿತು. ಇಸ್ರೇಲಿನ ತಾಡಿರಾನ್ ಕಂಪನಿಯ ಮ್ಯಾಸ್ಟಿಫ್ 1973ರಲ್ಲಿ ಮೊದಲು ಹಾರಿತು. ಅದೇ ದೇಶದ ಏರ್‌ಕ್ರಾಫ್ಟ್ ಇಂಡಸ್ಟ್ರೀಸ್ ಸಂಸ್ಥೆಯ ಸ್ಕೌಟ್ ಅದನ್ನು ಹಿಂಬಾಲಿಸಿತು. ಹಿಂಬದಿಯಲ್ಲಿ ಪ್ರೊಪೆಲರ್, ಎರಡು ದೂಲಗಳ ಬಾಲ, ಸಣ್ಣ ಪಿಸ್ಟನ್ ಎಂಜಿನ್: ವಿಮಾನವಾಗಿ ಇವುಗಳಲ್ಲಿ ಬೆರಗಾಗುವಂಥದ್ದೇನೂ ಇರಲಿಲ್ಲ. ಆಕಾಶದಿಂದ ನೇರವಾಗಿ ಕಮಾಂಡರನ ಪರದೆಗೆ ಹರಿಯುವ ಚಲಿಸುವ ಚಿತ್ರವೇ ಹೊಸದು. 1982ರ ಜೂನ್ 9ರಂದು ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲಿ ವಾಯುಪಡೆ ಸಿರಿಯಾದ ಕ್ಷಿಪಣಿ ನೆಲೆಗಳಲ್ಲಿ ಬಹುಪಾಲನ್ನು ನಾಶ ಮಾಡಿದಾಗ, ಆ ನೆಲೆಗಳ ಮೇಲೆ ಮೊದಲಿನಿಂದ ಕಣ್ಣಿಟ್ಟಿದ್ದ ಈ ವಿಮಾನಗಳಿಗೆ ಯಶಸ್ಸಿನಲ್ಲಿ ಪಾಲಿತ್ತು. ಅಮೆರಿಕದ ನೌಕಾಪಡೆ ಇದರಿಂದ ಪಾಠ ಕಲಿತು, ಸ್ಕೌಟ್ ವಂಶದ ಪಯನಿಯರ್ ವಿಮಾನವನ್ನು 1986ರಲ್ಲಿ ಬಳಕೆಗೆ ತಂದಿತು. 1991ರ ಕೊಲ್ಲಿ ಯುದ್ಧದಲ್ಲಿ ವಿಸ್ಕಾನ್ಸಿನ್ ಯುದ್ಧನೌಕೆಯ ಪಯನಿಯರ್ ಕುವೈತಿನ ಫೈಲಕಾ ದ್ವೀಪದ ಮೇಲೆ ಸುಳಿದಾಗ ಇರಾಕಿ ಸೈನಿಕರು ಬಿಳಿ ಬಟ್ಟೆ ಬೀಸಿ ಆ ವಿಮಾನಕ್ಕೇ ಶರಣಾದರು. ಅದರಲ್ಲಿ ಬಂದೂಕೂ ಇರಲಿಲ್ಲ, ಬಾಂಬೂ ಇರಲಿಲ್ಲ. ಅದರ ಸದ್ದಿನ ಬೆನ್ನಿಗೇ ನೌಕೆಯ ಗುಂಡುಗಳು ಕರಾರುವಾಕ್ಕಾಗಿ ಬಂದು ಬೀಳುತ್ತವೆ ಎಂಬುದು ಅವರ ಅನುಭವಕ್ಕೆ ಬಂದಿತ್ತು. ನೋಟಕ್ಕೂ ನಿರ್ಧಾರಕ್ಕೂ ನಡುವಿನ ಹೊತ್ತು ಎಷ್ಟು ಕುಗ್ಗಿತ್ತೆಂಬುದಕ್ಕೆ ಈ ಶರಣಾಗತಿ ಒಳ್ಳೆಯ ಪುರಾವೆ.

ನೇರಪ್ರಸಾರವೇ ನಿರ್ಣಾಯಕವಾಗಿದ್ದರೆ, ಹಣಕ್ಕೂ ಎಲೆಕ್ಟ್ರಾನಿಕ್ಸ್‌ಗೂ ಬರವಿಲ್ಲದ ಅಮೆರಿಕ ತನ್ನದೇ ಅಕ್ವಿಲಾ ಯೋಜನೆಯಲ್ಲಿ ಏಕೆ ಸೋತಿತು ಎಂಬ ಆಕ್ಷೇಪ ಇಲ್ಲಿ ಸಹಜ. 1970ರ ದಶಕದಲ್ಲಿ ಫಿರಂಗಿ ದಳಕ್ಕೊಂದು ಸಣ್ಣ ಗೂಢಚಾರ ವಿಮಾನವಾಗಿ ಶುರುವಾದ ಅಕ್ವಿಲಾಕ್ಕೆ ಕಾಲಕ್ರಮೇಣ ಬೇಡಿಕೆಗಳ ಹೊರೆ ಬಿತ್ತು. ಲೇಸರಿನಿಂದ ಗುರಿ ತೋರಿಸಬೇಕು, ಶತ್ರುವಿನ ಜಾಮಿಂಗ್‌ಗೆ ಜಗ್ಗದ ಸಂಪರ್ಕ ಬೇಕು, ಕತ್ತಲಲ್ಲೂ ಕಾಣಬೇಕು, ಬಲೆಗೆ ಬಂದು ಇಳಿಯಬೇಕು. ಇಷ್ಟನ್ನೂ ಆ ಪುಟ್ಟ ಒಡಲಲ್ಲೇ ತುಂಬಬೇಕು. 100 ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾದ ಮೇಲೆ, 1980ರ ದಶಕದ ಕೊನೆಗೆ ಯೋಜನೆಯನ್ನೇ ಕೈಬಿಡಲಾಯಿತು. ಈ ಸೋಲು ಮೇಲಿನ ವಾದವನ್ನು ಅಲ್ಲಗಳೆಯುವುದಿಲ್ಲ, ಅದರ ಮಿತಿಯನ್ನು ಸ್ಪಷ್ಟಪಡಿಸುತ್ತದೆ. ಅಂದಿನ ಎಲೆಕ್ಟ್ರಾನಿಕ್ಸ್ ತೂಕದಲ್ಲಿ ಭಾರ, ವಿದ್ಯುತ್ತಿನ ವಿಷಯದಲ್ಲಿ ಹೊಟ್ಟೆಬಾಕ. ಆ ಸ್ಥಿತಿಯಲ್ಲಿ ಒಂದೇ ಕೆಲಸ ಒಪ್ಪಿಕೊಂಡ ಮ್ಯಾಸ್ಟಿಫ್ ಗೆದ್ದಿತು, ಎಲ್ಲವನ್ನೂ ಒಪ್ಪಿಕೊಂಡ ಅಕ್ವಿಲಾ ಸೋತಿತು. ಉಪಕರಣಗಳು ಚಿಕ್ಕದಾಗುವ ಮೊದಲೇ ವಿಮಾನವನ್ನು ಚಿಕ್ಕದು ಮಾಡಲು ಹೊರಟದ್ದೇ ಅಲ್ಲಿನ ಎಡವಟ್ಟು.

ಆ ಉಪಕರಣಗಳು ಚಿಕ್ಕದಾದ ಬಗೆಯನ್ನು ಒಂದೇ ಕಂಪನಿಯ ಎರಡು ವಿಮಾನಗಳ ನಡುವೆ ಇಟ್ಟು ನೋಡಬಹುದು. ಪಾಲ್ ಮೆಕ್‌ಕ್ರೆಡಿ ಸ್ಥಾಪಿಸಿದ ಅಮೆರಿಕದ ಏರೋವೈರನ್‌ಮೆಂಟ್ ಕಂಪನಿ 1980ರ ದಶಕದ ಕೊನೆಯಲ್ಲಿ ಪಾಯಿಂಟರ್ ಎಂಬ, ಕೈಯಿಂದ ಎಸೆದು ಹಾರಿಸುವ ಬ್ಯಾಟರಿ ಚಾಲಿತ ವಿಮಾನ ತಯಾರಿಸಿತು. ರೆಕ್ಕೆಯಗಲ 2.7 ಮೀಟರ್, ತೂಕ ಸುಮಾರು 4 ಕಿ.ಗ್ರಾಂ. ಕೊಲ್ಲಿ ಯುದ್ಧದಲ್ಲಿ ಅದು ನೇರ ಚಿತ್ರವನ್ನೇನೋ ಕಳಿಸಿತು, ಆದರೆ ಅದರಲ್ಲಿ ಜಿಪಿಎಸ್ ಇರಲಿಲ್ಲ. ಗುರುತಿಲ್ಲದ ಮರಳುಗಾಡಿನಲ್ಲಿ ಪರದೆಯ ಮೇಲೆ ಕಾಣುತ್ತಿರುವ ದಿಬ್ಬ ನಕ್ಷೆಯಲ್ಲಿ ಎಲ್ಲಿದೆಯೆಂದು ಹೇಳುವುದೇ ಕಷ್ಟವಾಯಿತು. ಎಲ್ಲಿಯದೆಂದು ತಿಳಿಯದ ಚಿತ್ರ ಮಾಹಿತಿಯೇ ಅಲ್ಲ. ಅದೇ ಕಂಪನಿಯ ರೇವನ್ 2000ದ ದಶಕದ ಆರಂಭದಲ್ಲಿ ಸೇನೆ ಸೇರಿದಾಗ ರೆಕ್ಕೆಯಗಲ 1.4 ಮೀಟರಿಗೆ, ತೂಕ 2 ಕಿ.ಗ್ರಾಂ ಒಳಕ್ಕೆ ಇಳಿದಿತ್ತು, ಜಿಪಿಎಸ್ ಸೇರಿತ್ತು. ಎರಡೂ ಎಸೆದು ಹಾರಿಸುವ ವಿದ್ಯುತ್ ವಿಮಾನಗಳೇ. ನಡುವಿನ ದಶಕದಲ್ಲಿ ಬದಲಾದದ್ದು ಒಳಗಿನ ಸರಂಜಾಮು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ತಂಡ ಬಾಹ್ಯಾಕಾಶ ನೌಕೆಗಳ ಕ್ಯಾಮೆರಾ ಹಗುರಗೊಳಿಸಲು ಬೆಳೆಸಿದ ಸಿಮಾಸ್ ಚಿತ್ರಸಂವೇದಕ ಮುಂದೆ ಮೊಬೈಲ್ ಫೋನುಗಳನ್ನು ಹೊಕ್ಕಿತು. ಕಾರಿನ ಏರ್‌ಬ್ಯಾಗ್ ಯಾವಾಗ ಉಬ್ಬಬೇಕೆಂದು ತಿಳಿಸುವ ಚಿಪ್ಪುಗಳು ವಿಮಾನದ ವಾಲಾಟವನ್ನು ಅಳೆಯುವುದಕ್ಕೂ ಒದಗಿದವು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು. ಈ ಎಲ್ಲವೂ ಸೇನೆಯ ಹಣದ ಫಲ ಎಂಬ ವಾದ ಅರ್ಧ ಮಾತ್ರ ಸರಿ. ಜಿಪಿಎಸ್ ಸೇನೆಯ ಕೂಸು ನಿಜ, ಆದರೆ ಬ್ಯಾಟರಿ, ಕ್ಯಾಮೆರಾ, ಸಂವೇದಕಗಳ ಬೆಲೆ ಇಳಿಸಿದ್ದು ಕಾರು ಮತ್ತು ಫೋನು ಕೊಂಡ ಕೋಟ್ಯಂತರ ಗ್ರಾಹಕರು.

ವಾಯುಬಲ ವಿಜ್ಞಾನದವರ ಆಕ್ಷೇಪ ಇದಕ್ಕಿಂತ ಗಟ್ಟಿ. ರೆಕ್ಕೆ ಕಿರಿದಾದಂತೆ ಗಾಳಿಯ ಸ್ನಿಗ್ಧತೆಯ ಪ್ರಭಾವ ಹೆಚ್ಚುತ್ತದೆ, ಎತ್ತುವ ಬಲಕ್ಕೆ ಹೋಲಿಸಿದರೆ ಎಳೆತ ಏರುತ್ತದೆ, ಸಾಧಾರಣ ಬೀಸುಗಾಳಿಯೂ ವಿಮಾನದ ವೇಗಕ್ಕೆ ಸಮನಾಗುತ್ತದೆ. ಅಮೆರಿಕದ ಸಿಐಎ 1970ರ ದಶಕದಲ್ಲಿ ಮಾಡಿಸಿದ, ಏರೋಪ್ಲೇನ್ ಚಿಟ್ಟೆಯ ಗಾತ್ರ ಮತ್ತು ರೂಪದ ಯಂತ್ರ ಹಾರಿತಾದರೂ ಅಡ್ಡಗಾಳಿಗೆ ನಿಲ್ಲಲಾರದೆ ಮೂಲೆ ಸೇರಿತು. ತೀರ ಸಣ್ಣ ಗಾತ್ರದಲ್ಲಿ ಹಾರಾಟವೇ ದೊಡ್ಡ ತೊಡಕು ಎಂಬುದನ್ನು ಒಪ್ಪಲೇಬೇಕು. ಆದರೆ ಆ ಅಂಚನ್ನು ದಾಟಿದ್ದು ಹೇಗೆ? ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1990ರ ದಶಕದ ಕೊನೆಯಲ್ಲಿ 15 ಸೆಂ.ಮೀ. ಮೀರದ ವಿಮಾನಗಳಿಗೆ ಹಣ ಒದಗಿಸಿತು. ಆ ಯೋಜನೆಯಿಂದ ಹೊಮ್ಮಿದ ಬ್ಲ್ಯಾಕ್ ವಿಡೋ, 80 ಗ್ರಾಂ ತೂಕದ ಯಂತ್ರ, 2000ದಲ್ಲಿ 30 ನಿಮಿಷ ಹಾರಿತು. ಅದರ ವಿಡಿಯೊ ಕ್ಯಾಮೆರಾ ತೂಗುತ್ತಿದ್ದುದು ಸುಮಾರು 2 ಗ್ರಾಂ. ನಾರ್ವೆಯ ಪ್ರಾಕ್ಸ್ ಡೈನಮಿಕ್ಸ್ ತಯಾರಿಸಿದ, 20 ಗ್ರಾಂಗೂ ಕಡಿಮೆ ತೂಕದ ಬ್ಲ್ಯಾಕ್ ಹಾರ್ನೆಟ್ ಎಂಬ ಹೆಲಿಕಾಪ್ಟರನ್ನು ಬ್ರಿಟಿಷ್ ಸೈನಿಕರು ಅಫ್ಘಾನಿಸ್ತಾನದಲ್ಲಿ ಗೋಡೆಗಳಾಚೆ ಇಣುಕಿ ನೋಡಲು ಬಳಸಿದರು. ಗ್ರಾಂ ಲೆಕ್ಕದ ಕ್ಯಾಮೆರಾ, ಪ್ರಸಾರಕ, ಬ್ಯಾಟರಿಗಳು ಸಿಗದಿದ್ದರೆ ಎಷ್ಟೇ ಜಾಣ ರೆಕ್ಕೆಯ ವಿನ್ಯಾಸದಿಂದಲೂ ಈ ಯಂತ್ರಗಳು ಕಣ್ಗಾವಲಿಗೆ ಒದಗುತ್ತಿರಲಿಲ್ಲ.

ಭಾರತದ ಅನುಭವವೂ ಇದನ್ನೇ ಹೇಳುತ್ತದೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಡಿಆರ್‌ಡಿಒ ಅಧೀನದ, ಗುರಿಯಭ್ಯಾಸಕ್ಕಾಗಿ ಲಕ್ಷ್ಯ ವಿಮಾನವನ್ನು ರೂಪಿಸಿದ್ದ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಸೇನೆಗಾಗಿ ನಿಶಾಂತ್ ಬೇಹು ವಿಮಾನವನ್ನು ತಯಾರಿಸಿ 1995ರಲ್ಲಿ ಮೊದಲು ಹಾರಿಸಿತು. ಸುಮಾರು 380 ಕಿ.ಗ್ರಾಂ ತೂಕದ ನಿಶಾಂತ್, ಟ್ರಕ್ಕಿನ ಮೇಲಿನ ಹಳಿಯಿಂದ ಚಿಮ್ಮಿ ಏರುತ್ತಿತ್ತು, ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ಓಡುದಾರಿ ಬೇಡ ಎಂಬುದು ಅದರ ಸೊಗಸು. ಅಷ್ಟು ಭಾರದ ಯಂತ್ರವನ್ನು ಪ್ರತಿಸಲವೂ ಹಾನಿಯಿಲ್ಲದೆ ಇಳಿಸಿಕೊಳ್ಳುವುದು ಅದರ ಕಷ್ಟ. ಸೇನೆ ಪಡೆದ ನಾಲ್ಕು ವಿಮಾನಗಳೂ 2015ರ ಕೊನೆಯ ಹೊತ್ತಿಗೆ ಅಪಘಾತಗಳಲ್ಲಿ ನಷ್ಟವಾದವು. ಇದನ್ನು ಸಂಸ್ಥೆಯ ಅಸಾಮರ್ಥ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ನಿಶಾಂತ್ ಕಲ್ಪನೆಗೆ ಬಂದ ಕಾಲದಲ್ಲಿ ಸ್ಥಿರವಾದ ಕ್ಯಾಮೆರಾ, ದೂರಸಂಪರ್ಕ, ಇಂಧನ ಎಲ್ಲ ಸೇರಿದರೆ ಅಷ್ಟು ತೂಕ ಅನಿವಾರ್ಯವಾಗಿತ್ತು. ಐಐಟಿ ಬಾಂಬೆಯ ಹಳೆಯ ವಿದ್ಯಾರ್ಥಿಗಳು 2007ರಲ್ಲಿ ಕಟ್ಟಿದ ಐಡಿಯಾಫೋರ್ಜ್ ಮತ್ತು ಡಿಆರ್‌ಡಿಒ ಸೇರಿ ರೂಪಿಸಿದ ನೇತ್ರ ಡ್ರೋನಿನ ತೂಕ ಸುಮಾರು ಒಂದೂವರೆ ಕಿ.ಗ್ರಾಂ ಮಾತ್ರ. ನಾಲ್ಕು ಪ್ರೊಪೆಲರುಗಳ ಬಲದಿಂದ ನಿಂತಲ್ಲಿಂದಲೇ ಏರಿ ಅಲ್ಲೇ ಇಳಿಯುವ ಆ ಯಂತ್ರವನ್ನು 2013ರ ಉತ್ತರಾಖಂಡ ಪ್ರವಾಹದಲ್ಲಿ ಸಿಕ್ಕಿಕೊಂಡವರ ಹುಡುಕಾಟಕ್ಕೆ ಬಳಸಲಾಯಿತು. ನಿಶಾಂತ್‌ಗೂ ನೇತ್ರಕ್ಕೂ ಹೊತ್ತು ಮತ್ತು ದೂರದಲ್ಲಿ ಹೋಲಿಕೆಯಿಲ್ಲ. ಆದರೆ ಗುಡ್ಡದಾಚೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಟ್ರಕ್ಕು ಬೇಕಿದ್ದ ಜಾಗದಲ್ಲಿ ಬೆನ್ನಚೀಲ ಸಾಕಾಯಿತು.

ಸಂಪರ್ಕವೇ ಈ ವಿಮಾನಗಳ ಜೀವಾಳವಾದ್ದರಿಂದ ಅದೇ ಅವುಗಳ ದೌರ್ಬಲ್ಯವೂ ಹೌದು. 2022ರಿಂದ ಉಕ್ರೇನ್ ಯುದ್ಧದಲ್ಲಿ ಅಂಗಡಿಯಲ್ಲಿ ಸಿಗುವ ಸಣ್ಣ ಡ್ರೋನುಗಳನ್ನು ಎರಡೂ ಕಡೆಯವರು ಫಿರಂಗಿಗಳಿಗೆ ಗುರಿ ತೋರಿಸಲು ಬಳಸಿದರು. ಅವನ್ನು ಹೊಡೆದುರುಳಿಸುವುದಕ್ಕಿಂತ ಅವುಗಳ ರೇಡಿಯೋ ಮತ್ತು ಜಿಪಿಎಸ್ ಸಂಕೇತಗಳನ್ನು ಕೆಡಿಸುವುದು ಎಷ್ಟೋ ಕಡೆ ಅಗ್ಗದ ಎದುರುಪಾಯವಾಯಿತು. ಅದಕ್ಕೆ ಪ್ರತಿಯಾಗಿ ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರ್ ತಂತಿಯನ್ನು ಬಿಚ್ಚಿಕೊಳ್ಳುತ್ತ ಹಾರುವ ಡ್ರೋನುಗಳು ರಣರಂಗಕ್ಕೆ ಬಂದವು. ಪೈಪೋಟಿ ನಡೆಯುತ್ತಿರುವುದು ರೆಕ್ಕೆಗಳ ನಡುವೆ ಅಲ್ಲ, ಸಂಕೇತಗಳ ನಡುವೆ.

ಈ ಇತಿಹಾಸಕ್ಕೆ ಕಾನೂನಿನ ಫಲಿತವೊಂದಿದೆ. ಭಾರತ, ಅಮೆರಿಕ, ಐರೋಪ್ಯ ಒಕ್ಕೂಟಗಳ ಡ್ರೋನ್ ನಿಯಮಗಳು ಬಹುತೇಕ ತೂಕವನ್ನು ಅಳತೆಗೋಲಾಗಿ ಹಿಡಿದಿವೆ. ಭಾರವಾದದ್ದು ತಲೆಯ ಮೇಲೆ ಬಿದ್ದರೆ ಅಪಾಯ ಹೆಚ್ಚು ಎಂಬ ದೃಷ್ಟಿಯಿಂದ ಇದು ಸರಿಯೇ. ಆದರೆ ತೂಕಕ್ಕೂ ನೋಡುವ ಶಕ್ತಿಗೂ ಇದ್ದ ನಂಟು ಕಡಿದುಹೋಗಿದೆ. 2019ರಲ್ಲಿ ಚೀನಾದ ಡಿಜೆಐ ಬಿಡುಗಡೆ ಮಾಡಿದ ಮ್ಯಾವಿಕ್ ಮಿನಿ ಡ್ರೋನಿನ ತೂಕ 249 ಗ್ರಾಂ, ಅಂದರೆ ಮಿತಿಗಿಂತ ಒಂದೇ ಗ್ರಾಂ ಕಡಿಮೆ. ಭಾರತದ ನಿಯಮಗಳಲ್ಲಿ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪರವಾನಗಿ ಬೇಡ. ಮೇಲಿನಿಂದ ನೋಡುವುದು ಹೊಸದೇನಲ್ಲ, ಹೆಲಿಕಾಪ್ಟರುಗಳಿಂದ ಪೊಲೀಸರು ಮೊದಲೂ ನೋಡುತ್ತಿದ್ದರು ಎಂದು ಕೆಲವರು ಹೇಳುತ್ತಾರೆ. 400 ಅಡಿ ಎತ್ತರದ ಹೆಲಿಕಾಪ್ಟರಿನಿಂದ ಅಂಗಳ ನೋಡಲು ವಾರಂಟ್ ಬೇಡವೆಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಫ್ಲಾರಿಡಾ ರಾಜ್ಯದ ಪ್ರಕರಣದಲ್ಲಿ ಹೇಳಿದ್ದೂ ಉಂಟು. ಆದರೆ ಹೆಲಿಕಾಪ್ಟರಿನ ಖರ್ಚು ಮತ್ತು ಸದ್ದು ಎರಡೂ ನಾಗರಿಕರಿಗೆ ಅಲಿಖಿತ ರಕ್ಷಣೆಯಾಗಿದ್ದವು. ಅಗ್ಗದ ವಿದ್ಯುತ್ ಡ್ರೋನು ಆ ರಕ್ಷಣೆಯನ್ನು ತೆಗೆದುಹಾಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಕಾನೂನಿನ ಬೆಂಬಲ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು ಎಂಬ ಒರೆಗಲ್ಲನ್ನೂ ಆ ತೀರ್ಪು ಕೊಟ್ಟಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಸರ್ಕಾರ ಅಧಿಸೂಚಿಸಿದ ಸಂಸ್ಥೆಗಳಿಗೆ ದೇಶದ ಭದ್ರತೆ ಮೊದಲಾದ ಕಾರಣಗಳ ಮೇಲೆ ವಿನಾಯಿತಿ ನೀಡುವುದರಿಂದ ಆ ಒರೆಗಲ್ಲಿನ ಅಗತ್ಯ ಇನ್ನೂ ಹೆಚ್ಚಿದೆ. ಸಣ್ಣ ಡ್ರೋನನ್ನು ಆಕಾಶಕ್ಕೆ ಏರಿಸಿದ್ದು ಮಾಹಿತಿಯ ವೇಗವೆಂದಮೇಲೆ ಅದರ ನಿಯಂತ್ರಣವೂ ಮಾಹಿತಿಯಿಂದಲೇ ಆರಂಭವಾಗಬೇಕು. ಯಂತ್ರ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಜೊತೆಗೆ ಅದು ಏನನ್ನು ನೋಡಿತು, ಚಿತ್ರ ಯಾರ ಕೈಗೆ ಹೋಯಿತು, ಎಷ್ಟು ದಿನ ಉಳಿಯಿತು ಎಂಬ ಪ್ರಶ್ನೆಗಳಿಗೂ ಉತ್ತರ ಕೇಳದ ನಿಯಮ ಅರ್ಧ ನಿಯಮ ಮಾತ್ರ.